ಮೊದಲ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುವುದು ಹೇಗೆ?

ಪುಣೆಯ ಐಟಿ ಪಾರ್ಕ್ ಇರುವ ಹಿಂಜವಡಿಯಿಂದ ಮನೆಗೆ ಹೋಗುವಾಗ ಟ್ರಾಫಿಕ್‌ನಲ್ಲಿ ಕೂತು ನಮ್ಮ ಧಾರವಾಡದ ಹುಡುಗರು ಕೇಳುವುದು ಒಂದೇ ಪ್ರಶ್ನೆ: ಓಪನ್ ಸೋರ್ಸ್‌ಗೆ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ) ಕೋಡ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಿಂದಲೇ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಬೇಕು ಅಂತ ಹಟ ಬೇಡ. ಮೊದಲು ಪ್ರಾಜೆಕ್ಟ್‌ಗೆ ಕೋಡ್ ಕೊಡುವ ನಿಯಮಗಳಿರುವ ಕಾಂಟ್ರಿಬ್ಯೂಟಿಂಗ್ ಫೈಲ್ ಓದಿ. ಆಮೇಲೆ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಸುಲಭವಾದ ಕೆಲಸ) ಲೇಬಲ್ ಇರುವುದನ್ನು ಹುಡುಕಿ, ಬೇರೆ ಯಾರೂ ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ‘ನಾನು ನೋಡುತ್ತೇನೆ’ ಅಂತ ಒಂದು ಸಾಲು ಬರೆಯಿರಿ.

ನನ್ನ ಮೊದಲ ಪ್ಯಾಚ್ ಮೂರೇ ಸಾಲಿನದು. ಒಂದು ಆಪ್ ಹೆಸರುಗಳನ್ನು ಸುಮ್ನೆ ಮಧ್ಯದಲ್ಲಿ ಕತ್ತರಿಸುತ್ತಿತ್ತು, ‘ಲಕ್ಷ್ಮಿ’ ಹೋಗಿ ‘ಲಕ್’ ಆಗುತ್ತಿತ್ತು. ನಮ್ಮ ಕಣ್ಣಿಗೆ ‘ಕ್ಷ’ ಒಂದೇ ಅಕ್ಷರ ಅಲ್ವಾ? ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಅದು ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ ಸೇರಿ 3 ಕೋಡ್ ಪಾಯಿಂಟ್, ಅಂದರೆ ಮೂರು ಸಂಖ್ಯೆ. ಮರಾಠಿಗೂ ಅದೇ ಗೋಳು, ಹಾಗಾಗಿ ಪಕ್ಕದ ಡೆಸ್ಕಿನ ಪುಣೆಯವರೇ ಟೆಸ್ಟ್ ಮಾಡಿಕೊಟ್ಟರು.

ಕೆಲಸದ ಕ್ರಮ ಇಷ್ಟೇ. ಫೋರ್ಕ್ ಮಾಡಿ (ನಿಮ್ಮ ಖಾತೆಗೆ ಒಂದು ನಕಲು), ಕ್ಲೋನ್ ಮಾಡಿ (ಅದನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿ), ಕೋಡ್ ಮುಟ್ಟುವ ಮುಂಚೆಯೇ ಒಮ್ಮೆ ಟೆಸ್ಟ್ ಓಡಿಸಿ. ಇಲ್ಲದಿದ್ದರೆ ಮೊದಲೇ ಕೆಟ್ಟಿದ್ದಕ್ಕೂ ನೀವೇ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುತ್ತೀರಿ. ಬೇರೆ ಬ್ರಾಂಚ್‌ನಲ್ಲಿ, ಅಂದರೆ ಮೂಲ ಕೋಡ್ ಕೆಡದ ಹಾಗೆ ಪ್ರತ್ಯೇಕ ಕವಲಿನಲ್ಲಿ ಬರೆಯಿರಿ. ಕಮಿಟ್ ಮೆಸೇಜ್‌ನಲ್ಲಿ (ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿ) ಏನು ಬದಲಾಯಿತು ಅನ್ನುವುದಕ್ಕಿಂತ ಯಾಕೆ ಅನ್ನುವುದು ಜಾಸ್ತಿ ಮುಖ್ಯ. ಒಂದು ಪುಲ್ ರಿಕ್ವೆಸ್ಟ್‌ಗೆ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಒಂದೇ ವಿಷಯ, ದಾರಿಯಲ್ಲಿ ಸಿಕ್ಕ ಸ್ಪೇಸ್‌ಗಳನ್ನೆಲ್ಲ ಸರಿಮಾಡಲು ಹೋಗಬೇಡಿ. ಹಾಂ, ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಬರೆಯುವ ಮುಂಚೆ ಆಫರ್ ಲೆಟರ್ ತೆಗೆದು ಓದಿ, ಕೋಡ್ ಯಾರದು ಅಂತ ಸಾಮಾನ್ಯವಾಗಿ ಅದರಲ್ಲೋ ಕೆಲಸದ ಒಪ್ಪಂದದಲ್ಲೋ ಇರುತ್ತದೆ.

ರಿವ್ಯೂನಲ್ಲಿ ತಿದ್ದಲು ಹೇಳಿದರೆ ಹೊಸ ರಿಕ್ವೆಸ್ಟ್ ತೆರೆಯಬೇಡಿ. ಅದೇ ಬ್ರಾಂಚ್‌ಗೆ ಪುಶ್ ಮಾಡಿದರೆ (ತಿದ್ದಿದ್ದನ್ನು ಕಳಿಸಿದರೆ) ಸಾಕು. ಒಂದು ವಾರ ಸದ್ದಿಲ್ಲದಿದ್ದರೆ ಮೆತ್ತಗೆ ನೆನಪಿಸಿ, ಪ್ರಾಜೆಕ್ಟ್ ನೋಡಿಕೊಳ್ಳುವವರಲ್ಲೂ ಎಷ್ಟೋ ಜನ ಆಫೀಸ್ ಮುಗಿಸಿ ಬಂದು ಕೂರುವವರೇ.