ಕರಡು ತಿದ್ದುವ ಕೈಗೆ ಒಗ್ಗಿದ ರೈಟ್ ಕ್ಲಿಕ್

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಈಗ ಹಸ್ತಪ್ರತಿ ಬರುವುದೇ ಕಡತದ ರೂಪದಲ್ಲಿ, ತಿದ್ದುವುದು ಲಿಬ್ರೆ ಆಫೀಸ್ ಎಂಬ ಬರಹದ ತಂತ್ರಾಂಶದಲ್ಲಿ. ಇಂಗ್ಲಿಷ್ ಕರಡು ನೋಡುವವರಿಗಿಂತ ನಮಗೆ ರೈಟ್ ಕ್ಲಿಕ್ಕಿನ ಅಗತ್ಯ ಬಹಳ ಹೆಚ್ಚು. ಅದಕ್ಕೆ ಕಾರಣ ನಮ್ಮ ಭಾಷೆಯ ಜಾಯಮಾನ. ಕಾಗುಣಿತದ ತಪ್ಪು ಹುಡುಕುವ ಪದಪರೀಕ್ಷಕದ ಕೋಶದಲ್ಲಿ ‘ತೋಟ’ ಇರುತ್ತದೆ, ‘ತೋಟದಲ್ಲಿ’ ಕೂಡ ಇರಬಹುದು. ‘ತೋಟದಿಂದಲಾದರೂ’, ‘ತೋಟದವರೊಂದಿಗೇ’ ಸಿಗುವುದು ಕಷ್ಟ. ವಿಭಕ್ತಿ, ಅವ್ಯಯ ಎಲ್ಲವೂ ಪದದ ಕೊನೆಗೆ ಬಂದು ಕೂಡಿಕೊಳ್ಳುವುದರಿಂದ, ಸರಿಯಾಗಿ ಬರೆದ ಪದದ ಕೆಳಗೂ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸಲಹೆಗಳನ್ನು ನೋಡಬೇಕು. ಒಪ್ಪಬೇಕು, ಕಡೆಗಣಿಸಬೇಕು ಇಲ್ಲವೇ ಪದಕೋಶಕ್ಕೆ ಸೇರಿಸಬೇಕು. ಪುಟದ ತುಂಬ ಇದೇ ಕೆಲಸ.

ಬಹಳ ಕಾಲ ನಾನು ವಿಂಡೋಸ್ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಕೆಳಗಿನ ಬಲಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ರೈಟ್ ಕ್ಲಿಕ್ ಮಾಡುತ್ತಿದ್ದೆ. ಬಲಗೈಯ ಹೆಬ್ಬೆರಳು ಸಹಜವಾಗಿ ನಿಲ್ಲುವುದು ಟಚ್‌ಪ್ಯಾಡಿನ ಎಡಕ್ಕೆ; ಬಲಮೂಲೆ ಮುಟ್ಟಲು ಅದನ್ನು ಅಂಗೈಯ ಅಡಿಗೆ ಮಡಚಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಹೆಬ್ಬೆರಳ ಬುಡ ಬಿಗಿದುಕೊಳ್ಳುತ್ತಿತ್ತು. ಕ್ಲಿಕ್ ಎಲ್ಲಿರಬೇಕು ಎಂಬುದನ್ನು ಕೈ ನಿಲ್ಲುವ ಜಾಗ ನೋಡಿ ತೀರ್ಮಾನಿಸಬೇಕು ಎಂದು ಅನಿಸಿದ್ದು ಆಗ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ಅದರೊಳಗೆ ‘ಟಚ್‌ಪ್ಯಾಡ್’, ಅದರೊಳಗೆ ‘ಟ್ಯಾಪ್ಸ್’ ಇದೆ. ಎರಡು ಬೆರಳಿನಿಂದ ತಟ್ಟಿದರೆ ರೈಟ್ ಕ್ಲಿಕ್ ಆಗಲಿ ಎಂಬುದಕ್ಕೊಂದು, ಬಲಮೂಲೆ ಒತ್ತಿದರೆ ಆಗಲಿ ಎಂಬುದಕ್ಕೊಂದು ಗುರುತು ಅಲ್ಲಿರುತ್ತದೆ. ನಾನು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತೆಗೆದುಹಾಕಿದೆ. ತೆಗೆಯದಿದ್ದರೆ ಹಳೆಯ ಅಭ್ಯಾಸ ಬಿಡುವುದಿಲ್ಲ. ಸಾಮಾನ್ಯ ಕ್ಲಿಕ್ ಮಾಡುವಾಗ ಬೆರಳು ಕೊಂಚ ಬಲಕ್ಕೆ ಜಾರಿದರೂ ಬೇಡದ ಮೆನು ತೆರೆದುಕೊಳ್ಳುತ್ತದೆ. ಮನೆಯಲ್ಲಿರುವ ಮ್ಯಾಕ್‌ಬುಕ್‌ನಲ್ಲಿ ಇದೇ ಆಯ್ಕೆ ‘ಟ್ರ್ಯಾಕ್‌ಪ್ಯಾಡ್’ ವಿಭಾಗದ ‘ಸೆಕೆಂಡರಿ ಕ್ಲಿಕ್’ ಎಂಬಲ್ಲಿದೆ. ಅಲ್ಲಿ ‘ಟ್ಯಾಪ್ ಟು ಕ್ಲಿಕ್’ ಕೂಡ ಚಾಲೂ ಇರಬೇಕು, ಇಲ್ಲದಿದ್ದರೆ ತಟ್ಟಿದರೆ ಸಾಲದು, ಒತ್ತಬೇಕು.

ತಟ್ಟುವುದರಲ್ಲೂ ಒಂದು ಹದವಿದೆ. ತೋರುಬೆರಳು ಮತ್ತು ನಡುಬೆರಳು ಒಟ್ಟಿಗೆ ಇಳಿದು ಒಟ್ಟಿಗೆ ಏಳಬೇಕು. ಊರಿದ ಎರಡೂ ಬೆರಳು ಕೊಂಚ ಸರಿದರೆ ಪುಟ ಜರುಗಿಬಿಡುತ್ತದೆ, ನೋಡುತ್ತಿದ್ದ ಪದ ಕಣ್ತಪ್ಪುತ್ತದೆ. ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ ತಟ್ಟಿದರೆ ಪ್ಯಾಡ್ ಅವೆರಡನ್ನೂ ಒಂದೇ ಬೆರಳೆಂದು ಎಣಿಸುವುದುಂಟು. ನಡುವೆ ಕಡ್ಡಿ ತೂರುವಷ್ಟು ಸಂದು ಇರಲಿ. ಕ್ಲಿಕ್ ಬೀಳುವುದು ಬೆರಳಿರುವ ಜಾಗದ ಮೇಲಲ್ಲ, ಪರದೆಯ ಮೇಲಿನ ಬಾಣದ ತುದಿ ಇರುವಲ್ಲಿ. ಹಾಗಾಗಿ ಪ್ಯಾಡಿನ ನಟ್ಟನಡುವೆಯೇ ತಟ್ಟಬಹುದು, ಅಂಚು ಹುಡುಕಬೇಕಾಗಿಲ್ಲ. ಮೇಲಂಚಿನಲ್ಲಿ ಕೀಲು ಇರುವ ಪ್ಯಾಡುಗಳಲ್ಲಿ ಮೇಲ್ಭಾಗ ಒತ್ತಿದರೆ ಕೆಳಗಿಳಿಯುವುದೇ ಇಲ್ಲ, ಆದರೆ ತಟ್ಟುವುದಕ್ಕೆ ಆ ತೊಡಕಿಲ್ಲ. ಮಳೆಗಾಲದಲ್ಲಿ ಒದ್ದೆ ಕೈ ಮಾತ್ರ ಕೆಲಸ ಕೆಡಿಸುತ್ತದೆ. ಪಕ್ಕದಲ್ಲಿ ಒಣ ಬಟ್ಟೆಯ ತುಂಡೊಂದನ್ನು ಇಟ್ಟುಕೊಳ್ಳುತ್ತೇನೆ.

ಬೆರಳು ಮಾತು ಕೇಳದಿದ್ದಾಗ ಮ್ಯಾಕ್‌ನಲ್ಲಿ ಎಡಗೈಯಿಂದ ಕಂಟ್ರೋಲ್ ಕೀಲಿ ಹಿಡಿದು ಬಲಗೈಯಿಂದ ಸಾದಾ ಕ್ಲಿಕ್ ಮಾಡುತ್ತೇನೆ, ಅದೇ ಮೆನು ಬರುತ್ತದೆ. ಇದು ಹಳೆಯ ಪದ್ಧತಿ. 1984ರಲ್ಲಿ ಮ್ಯಾಕಿಂಟಾಷ್ ಬಂದದ್ದೇ ಒಂದೇ ಗುಂಡಿಯ ಮೌಸ್ ಜೊತೆ. 2005ರಲ್ಲಿ ಮೈಟಿ ಮೌಸ್ ಬರುವವರೆಗೂ ಆಪಲ್ ತನ್ನ ಮೌಸ್‌ನಲ್ಲಿ ರೈಟ್ ಕ್ಲಿಕ್‌ಗೆ ಜಾಗ ಕೊಟ್ಟಿರಲಿಲ್ಲ. ಕೆಲಸ ಎರಡು ಕೈಗೆ ಹಂಚಿಹೋಗುವುದರಿಂದ ನನಗೆ ಈ ದಾರಿ ಇಂದಿಗೂ ಇಷ್ಟ. ಆಪಲ್‌ನ ಮ್ಯಾಜಿಕ್ ಮೌಸ್ ಬಳಸುವವರು ಒಂದು ಸಂಗತಿ ಗಮನಿಸಬೇಕು: ಅದರ ಮೈಯೆಲ್ಲ ಒಂದೇ ನುಣುಪು, ಎಡ ಬಲ ಗುಂಡಿಗಳ ಗುರುತಿಲ್ಲ. ಬಲಬದಿ ಒತ್ತುವಾಗ ತೋರುಬೆರಳನ್ನು ಎತ್ತಿ ಹಿಡಿಯದಿದ್ದರೆ ಅದು ಎಡ ಕ್ಲಿಕ್ ಎಂದೇ ತಿಳಿಯುತ್ತದೆ. ದಿನವಿಡೀ ಬೆರಳನ್ನು ಗಾಳಿಯಲ್ಲಿ ಎತ್ತಿಟ್ಟುಕೊಳ್ಳುವ ಕೆಲಸ ಕರಡು ತಿದ್ದುವವರಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಗುಂಡಿಯ ಅಗ್ಗದ ಮೌಸ್ ಇದಕ್ಕಿಂತ ಮೇಲು, ಮ್ಯಾಕ್‌ಗೆ ಹಾಕಿದರೂ ಅದರ ಬಲಗುಂಡಿ ನಡೆಯುತ್ತದೆ.

ನಮ್ಮಲ್ಲಿ ಪುಟವಿನ್ಯಾಸ ಮಾಡುವವರು ಎಡಗೈಯವರು. ಇಬ್ಬರೂ ಒಂದೇ ಕಂಪ್ಯೂಟರಿನಲ್ಲಿ ಪಾಳಿ ಹಾಕಿ ಕೂರುತ್ತೇವೆ. “ಮೌಸ್ ಎಡಕ್ಕಿಟ್ಟುಕೊಂಡರೂ ಗುಂಡಿ ನಿಮ್ಮ ಕೈಯದ್ದೇ ಅಲ್ಲವೇ ಸಾರ್?” ಎಂದು ಒಮ್ಮೆ ಕೇಳಿದರು. ನಿಜವೇ, ಅವರ ತೋರುಬೆರಳು ಕೂರುವುದು ಬಲಗುಂಡಿಯ ಮೇಲೆ. ಮೌಸ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈಮರಿ ಮೌಸ್ ಬಟನ್’ ಎಂಬುದನ್ನು ಬಲಕ್ಕೆ ಬದಲಿಸಿದರೆ ಎರಡೂ ಗುಂಡಿಗಳ ಕೆಲಸ ಅದಲುಬದಲಾಗುತ್ತದೆ. ಆದರೆ ಪಾಳಿ ಬದಲಾದಾಗಲೆಲ್ಲ ಇದನ್ನು ತಿರುಗಿಸುತ್ತ ಕೂರುವುದು ಆಗದ ಮಾತು. ವಿಂಡೋಸ್ ಈ ಆಯ್ಕೆಯನ್ನು ಬಳಕೆದಾರರ ಖಾತೆಗೆ ತಕ್ಕಂತೆ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಇಬ್ಬರಿಗೂ ಬೇರೆ ಬೇರೆ ಖಾತೆ ತೆರೆದೆ. ಈಗ ಅವರು ತಮ್ಮ ಖಾತೆಗೆ ಬಂದೊಡನೆ ಗುಂಡಿಗಳು ಅವರ ಕೈಗೆ ಒಗ್ಗಿಕೊಳ್ಳುತ್ತವೆ.

ಕೆಂಪು ಗೆರೆಗಳು ಒತ್ತೊತ್ತಾಗಿರುವ ಪುಟಗಳಲ್ಲಿ ನಾನು ಪ್ಯಾಡನ್ನೂ ಮೌಸನ್ನೂ ಮುಟ್ಟುವುದಿಲ್ಲ. ಕರ್ಸರನ್ನು ಪದದೊಳಗೆ ತಂದು ಶಿಫ್ಟ್ ಜೊತೆ ಎಫ್10 ಒತ್ತಿದರೆ ರೈಟ್ ಕ್ಲಿಕ್ಕಿನ ಮೆನು ಅಲ್ಲೇ ತೆರೆಯುತ್ತದೆ, ಕೆಳಬಾಣದಿಂದ ಸಲಹೆ ಆರಿಸಿ ಎಂಟರ್ ಒತ್ತಿದರೆ ಮುಗಿಯಿತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಇದಕ್ಕೆ ಎಫ್ಎನ್ ಕೀಲಿಯನ್ನೂ ಹಿಡಿಯಬೇಕು. ಹಳೆಯ ಕೀಲಿಮಣೆಗಳಲ್ಲಿ ಬಲ ಆಲ್ಟ್ ಮತ್ತು ಬಲ ಕಂಟ್ರೋಲ್ ನಡುವೆ ಇದಕ್ಕೆಂದೇ ಮೆನು ಕೀಲಿಯೊಂದು ಇರುತ್ತದೆ. 2024ರಲ್ಲಿ ಮೈಕ್ರೋಸಾಫ್ಟ್ ತನ್ನ ಎಐ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀಲಿಯನ್ನು ತಂದ ಮೇಲೆ ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಜಾಗ ಅದರ ಪಾಲಾಗಿದೆ. ಕೊಳ್ಳುವ ಮುನ್ನ ಕೀಲಿಮಣೆಯ ಬಲತುದಿಯನ್ನು ಒಮ್ಮೆ ನೋಡಿಕೊಳ್ಳಿ.