ಟ್ಯಾಂಕು ಮೇಜಿನ ಮೇಲೇ ಇರಲಿ: ಹಳೇ ಪ್ರಿಂಟರಿಗೆ ಇಂಕ್ ಪೈಪು ಹಾಕುವ ಬಗೆ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಸಂಜೆ ಹೊತ್ತು 18 ಮಕ್ಕಳು ಗಣಿತದ ಟ್ಯೂಷನ್‌ಗೆ ಬರುತ್ತಾರೆ. ತಲೆಗೆ ದಿನಕ್ಕೊಂದು ಹಾಳೆ ಅಂದರೂ ತಿಂಗಳಿಗೆ 400ರ ಮೇಲಾಯಿತು. ನನ್ನದು ಎಚ್‌ಪಿ ಡೆಸ್ಕ್‌ಜೆಟ್ 2135. ಅದಕ್ಕೆ ಹಾಕುವ 680 ನಂಬರಿನ ಕಪ್ಪು ಕಾರ್ಟ್ರಿಜ್ 480 ಪುಟ ಬರುತ್ತದೆ, ಬಣ್ಣದ್ದು 150. ಅದೂ ಹಾಳೆಯ ನೂರರಲ್ಲಿ ಐದು ಪಾಲಿಗೆ ಮಾತ್ರ ಇಂಕ್ ಬಿದ್ದರೆ ಅನ್ನುವ ಲೆಕ್ಕ. ಭಿನ್ನರಾಶಿ ಕಲಿಸೋಕೆ ಅರ್ಧ ಕರಿ ಬಳಿದ ವೃತ್ತಗಳನ್ನು ಸಾಲಾಗಿ ಛಾಪಿಸುವವಳಿಗೆ ಆ ಲೆಕ್ಕ ಎಲ್ಲಿ ಸಾಕು? ಹಾಗಾಗಿ ಹೊರಗೆ ಟ್ಯಾಂಕಿಟ್ಟು ಪೈಪಿನಲ್ಲಿ ಇಂಕ್ ಕೊಡುವ ಸಿಐಎಸ್‌ಎಸ್ ಕಿಟ್ ಹಾಕಿಕೊಂಡೆ.

ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ಮೂವತ್ತು ನಲವತ್ತು ಹಾಳೆ ತೆಗೆಯುವವರು ಈ ತಂಟೆಗೆ ಬರಬೇಡಿ, ಇಂಕ್ ಖರ್ಚಾಗುವ ಮೊದಲೇ ಒಣಗುತ್ತದೆ. ಹೊಸ ಪ್ರಿಂಟರೇ ಕೊಳ್ಳುವವರಿದ್ದರೆ ಟ್ಯಾಂಕ್ ಇರುವುದನ್ನೇ ಕೊಳ್ಳಿ. 2010ರಲ್ಲಿ ಎಪ್ಸನ್ ಇಂಡೋನೇಷ್ಯಾದಲ್ಲಿ ಅಂಥದ್ದನ್ನು ಮಾರೋಕೆ ಶುರು ಮಾಡಿದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ನಾನು ಬರೆಯುತ್ತಿರುವುದು ಮನೆಯಲ್ಲಿ ಆಗಲೇ ಒಂದು ಕಾರ್ಟ್ರಿಜ್ ಪ್ರಿಂಟರ್ ಇದ್ದು, ವಾರಂಟಿ ಮುಗಿದವರಿಗೆ. ವಾರಂಟಿ ಇದ್ದರೆ ಈ ಕೆಲಸದಿಂದ ಅದಕ್ಕೆ ಎಳ್ಳುನೀರು ಬಿಟ್ಟ ಹಾಗೆ.

ಕಿಟ್ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಕೆ.ಆರ್. ಮಾರ್ಕೆಟ್ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಆಯಿತು, ಗಾಡಿ ತೆಗೆದುಕೊಂಡು ಹೋದರೆ ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ. ಹಳೇ ಕಾರ್ಟ್ರಿಜ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಟ್ಯಾಂಕು, ಅಂಟಿಕೊಂಡಂತಿರುವ ನಾಲ್ಕು ಎಳೆಯ ಸಿಲಿಕೋನ್ ಪೈಪು, ಎಲ್ ಆಕಾರದ ಮೂತಿಗಳು, ರಬ್ಬರ್ ಬಿರಡೆ, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್, ಸಿರಿಂಜ್, ಇವಿಷ್ಟು ಇವೆಯೇ ನೋಡಿ. ಕಾರ್ಟ್ರಿಜ್ ಕೂರಿಸಿ ತಳದಿಂದ ಇಂಕ್ ಎಳೆಯುವ ಪ್ಲಾಸ್ಟಿಕ್ ಕ್ಲಿಪ್ ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ, ಅದಿಲ್ಲದೆ ಕೆಲಸ ಸಾಗದು. ಇಂಕ್ ಕೊಳ್ಳುವಾಗ ಕಪ್ಪು ಪಿಗ್ಮೆಂಟ್ (ನೀರಲ್ಲಿ ಕರಗದ ನುಣ್ಣನೆ ಪುಡಿಯ ಇಂಕ್), ಬಣ್ಣದವು ಡೈ (ನೀರಲ್ಲಿ ಕರಗುವ ಬಣ್ಣ). ಎರಡೂ ಡೈ ಆದರೇನು ಅಂತ ಅಂಗಡಿಯವರು ಹೇಳಬಹುದು, ಒಪ್ಪಬೇಡಿ. ಡೈ ಕಪ್ಪಿನಲ್ಲಿ ಛಾಪಿಸಿದ ಹಾಳೆ ಮಳೆಗೆ ನೆಂದ ಬ್ಯಾಗಿನಿಂದ ಹೊರಬರುವಾಗ ಉತ್ತರ ಯಾವುದು, ಪ್ರಶ್ನೆ ಯಾವುದು ತಿಳಿಯುವುದಿಲ್ಲ.

ಕಾರ್ಟ್ರಿಜ್ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಈ ಜಾತಿಯ ಪ್ರಿಂಟರಿನಲ್ಲಿ ಹೆಡ್ ಇರುವುದು ಕಾರ್ಟ್ರಿಜ್‌ನಲ್ಲೇ, ಅದು ಇಂಕನ್ನು ಕ್ಷಣ ಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಉಗುಳುತ್ತದೆ. ಒಳಗೆ ಇಂಕಿಲ್ಲದೆ ಓಡಿಸಿದರೆ ತಳ ಹಿಡಿದ ಪಾತ್ರೆಯ ಗತಿಯೇ ಅದಕ್ಕೂ.

ಮೇಲಿನ ಲೇಬಲ್ ಸುಲಿದರೆ ಸಣ್ಣ ತೂತುಗಳು ಕಾಣುತ್ತವೆ. ಬಣ್ಣದ ಕಾರ್ಟ್ರಿಜ್‌ನಲ್ಲಿ ಮೂರು ಕೋಣೆ. ಯಾವುದರಲ್ಲಿ ಯಾವ ಬಣ್ಣ ಅಂತ ಚಿತ್ರ ನೋಡಿ ನಂಬಬೇಡಿ, ಒಂದೊಂದಕ್ಕೂ ಬೇರೆ ಟೂತ್‌ಪಿಕ್ ಇಳಿಸಿ ತುದಿ ನೋಡಿ. ನಾನು ಮೂರು ಕಡ್ಡಿಗಳನ್ನೂ ಅದೇ ಕ್ರಮದಲ್ಲಿ ಹಾಳೆಯ ಮೇಲೆ ಇಟ್ಟು ಫೋಟೊ ತೆಗೆದುಕೊಂಡೆ. ಆಮೇಲೆ ಡ್ರಿಲ್ಲನ್ನು ಬೆರಳಲ್ಲೇ ನಿಧಾನ ತಿರುಗಿಸಿ ತೂತು ದೊಡ್ಡದು ಮಾಡಿ. ಪ್ಲಾಸ್ಟಿಕ್ ಚೂರು ಒಳಗೆ ಬೀಳದಂತೆ ಕಾರ್ಟ್ರಿಜ್ ಓರೆ ಹಿಡಿಯಿರಿ. ರಬ್ಬರ್ ಬಿರಡೆ, ಅದರೊಳಗೆ ಎಲ್ ಮೂತಿ, ಅದಕ್ಕೆ ಪೈಪು. ಸೊಂಯ್ ಅಂತ ಗಾಳಿ ಎಳೆಯುವಷ್ಟು ಸಡಿಲ ಇದ್ದರೆ ಬಿರಡೆ ಬದಲಿಸಿ.

ಇನ್ನು ಟ್ಯಾಂಕು. ಪ್ರತಿ ಬಣ್ಣಕ್ಕೂ ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ, ಎರಡೂ ತಳದಲ್ಲಿ ಕೂಡಿವೆ. ತುಂಬುವಾಗ ಚಿಕ್ಕದರ ತೂತು ಮುಚ್ಚಿ, ದೊಡ್ಡದರಲ್ಲಿ ಸುರಿಯಿರಿ. ತುಂಬಿದ ಮೇಲೆ ದೊಡ್ಡದರ ಬಿರಡೆ ಬಿಗಿಯಾಗಿ ಮುಚ್ಚಿ, ಆಮೇಲಷ್ಟೇ ಚಿಕ್ಕದನ್ನು ತೆರೆದು ಗಾಳಿ ಫಿಲ್ಟರ್ ಸಿಕ್ಕಿಸಿ. ಹೊರಗಿನ ಗಾಳಿ ಚಿಕ್ಕ ಕೋಣೆಯಿಂದ ಇಳಿದು ತಳದಲ್ಲಿ ಗುಳ್ಳೆಯಾಗಿ ದೊಡ್ಡದಕ್ಕೆ ಹೋಗುತ್ತದೆ. ಟ್ಯಾಂಕು ತುಂಬಿರಲಿ, ಅರ್ಧವಿರಲಿ, ಪ್ರಿಂಟರಿಗೆ ಸಿಗುವ ಒತ್ತಡ ಒಂದೇ. ಎರಡೂ ಬಿರಡೆ ತೆಗೆದಿಟ್ಟರೆ ಚಿಕ್ಕ ಕೋಣೆಯೂ ಏರಿ ಉಕ್ಕುತ್ತದೆ. ಕೆಲಸದ ಹೊತ್ತಲ್ಲಿ ಚಿಕ್ಕದನ್ನು ಮುಚ್ಚೇ ಬಿಟ್ಟರೆ ನಾಲ್ಕು ಹಾಳೆಯಾದ ಮೇಲೆ ಬಣ್ಣ ಕಟ್ಟಿಬಿಡುತ್ತದೆ.

ಕಾರ್ಟ್ರಿಜ್ಜನ್ನು ಕ್ಲಿಪ್ಪಿಗೆ ಕೂರಿಸಿ, ತಳದಿಂದ ಸಿರಿಂಜ್‌ನಲ್ಲಿ ಮೆಲ್ಲಗೆ ಎಳೆಯಿರಿ. ಪೈಪಿನುದ್ದಕ್ಕೂ ಇಂಕ್ ಹರಿದು ಬರುವುದು ಕಣ್ಣಿಗೆ ಕಾಣುತ್ತದೆ, ನಡುವೆ ಬಿಳಿ ತುಂಡುಗಳಂತೆ ಗಾಳಿಯೂ. ಆ ತುಂಡುಗಳೆಲ್ಲ ಬಂದು ಹೋಗುವವರೆಗೆ ಎಳೆಯುತ್ತಿರಿ. ಅವಸರ ಪಟ್ಟು ಜೋರಾಗಿ ಎಳೆದರೆ ಕಾರ್ಟ್ರಿಜ್ ಒಳಗಿನ ಸ್ಪಾಂಜಿನಲ್ಲಿ ನೊರೆ ಎದ್ದು ಕೂರುತ್ತದೆ, ಮತ್ತೆ ಮೊದಲಿನಿಂದ. ಮುಗಿದಾಗ ಕಾರ್ಟ್ರಿಜ್ ತಳವನ್ನು ಮಡಿಸಿದ ಟಿಶ್ಯೂ ಮೇಲೆ ಒತ್ತಿದರೆ ನೀಲಿ, ಕೆಂಪು, ಹಳದಿ ಮೂರು ಪಟ್ಟೆ ಚೊಕ್ಕವಾಗಿ ಬೀಳಬೇಕು. ಒಂದು ಪಟ್ಟೆ ಮಂಕಾಗಿದ್ದರೆ ಆ ಪೈಪಿನಲ್ಲಿ ಇನ್ನೂ ಗಾಳಿ ಇದೆ.

ಪೈಪು ಹಾಯಿಸುವುದು ಹೊತ್ತು ಹಿಡಿಯುವ ಕೆಲಸ. ಬಾಗಿಲು ತೆರೆದಾಗ ಕಾರ್ಟ್ರಿಜ್ ಗಾಡಿ ನಡುವಿಗೆ ಬರುತ್ತದಲ್ಲ, ಆಗ ಕರೆಂಟ್ ವೈರ್ ಕಿತ್ತು, ಗಾಡಿಯನ್ನು ಕೈಯಲ್ಲೇ ಎಡತುದಿಯಿಂದ ಬಲತುದಿಗೆ ಓಡಿಸಿ ನೋಡಿ. ಎಡತುದಿಯಲ್ಲಿ ಪೈಪು ಬಿಗಿಯಬಾರದು, ಬಲತುದಿಯಲ್ಲಿ ಜೋತು ಹಾಳೆಗೆ ತಾಗಬಾರದು. ಎಲ್ಲೂ ಮಡಚಿಕೊಳ್ಳದಂತೆ ಕ್ಲಿಪ್ ಅಂಟಿಸಿ. ಬಾಗಿಲು ಪೂರ್ತಿ ಮುಚ್ಚಿದರೆ ಮಾತ್ರ ಒಳಗಿನ ಸೆನ್ಸರ್ ಒಪ್ಪುತ್ತದೆ, ಹಾಗಾಗಿ ಪೈಪು ನುಸುಳುವಷ್ಟು ಅಂಚನ್ನು ಚಾಕುವಿನಿಂದ ಕಚ್ಚು ಮಾಡಿದೆ.

ಈಗ ನನ್ನ ಪೆದ್ದುತನ. ಮೇಜಿನ ಮೇಲೆ ಜಾಗವಿಲ್ಲ ಅಂತ ಟ್ಯಾಂಕನ್ನು ಪಕ್ಕದ ಪುಸ್ತಕದ ಕಪಾಟಿನ ಮೇಲಿಟ್ಟೆ, ಪ್ರಿಂಟರಿಗಿಂತ ಒಂದಡಿ ಎತ್ತರಕ್ಕೆ. ಸಂಜೆಯೆಲ್ಲ ಚೆನ್ನಾಗೇ ಇತ್ತು. ಬೆಳಗ್ಗೆ ಎದ್ದು ನೋಡಿದರೆ ರಾತ್ರಿಯೆಲ್ಲ ಇಂಕ್ ತಾನಾಗಿ ಇಳಿದು, ನಾಝಲ್ (ಹೆಡ್ಡಿನಲ್ಲಿ ಇಂಕ್ ಉಗುಳುವ ಸಣ್ಣ ತೂತು) ದಾಟಿ, ಪ್ರಿಂಟರಿನ ಹೊಟ್ಟೆ ತುಂಬಿ, ಅತ್ತೆ ಹೆಣೆದ ಕ್ರೋಷಾ ಮೇಜುಬಟ್ಟೆಯ ಮೇಲೆ ಕೆಂಪು ನಕ್ಷೆ ಬಿಡಿಸಿತ್ತು. ಅತ್ತೆ ಏನೂ ಅನ್ನಲಿಲ್ಲ, ಅದೇ ಕಷ್ಟ. ಇಂಕಿನ ಮಟ್ಟ ನಾಝಲ್‌ಗಿಂತ ತುಸು ಕೆಳಗೇ ಇರಬೇಕು. ಪ್ರಿಂಟರ್ ಇಟ್ಟ ಮೇಜಿನ ಮೇಲೇ, ಅದರ ಪಕ್ಕಕ್ಕೇ ಟ್ಯಾಂಕಿಟ್ಟರೆ ಲೆಕ್ಕ ಸರಿಹೋಗುತ್ತದೆ. ನೆಲಕ್ಕಿಟ್ಟರೆ ಉಲ್ಟಾ, ಇಂಕ್ ಹಿಂದಕ್ಕೆ ಜಾರಿ ಹಾಳೆ ಬಿಳಿಚಿಕೊಳ್ಳುತ್ತದೆ.

ಎಲ್ಲ ಆದ ಮೇಲೆ ಒಂದು ಸಲ ಹೆಡ್ ಕ್ಲೀನಿಂಗ್ ಕೊಡಿ, ಒಂದು ಗಂಟೆ ಬಿಟ್ಟು ಟೆಸ್ಟ್ ಪುಟ ತೆಗೆಯಿರಿ. ಗೆರೆ ಬಿಟ್ಟಿದೆ ಅಂತ ಮೇಲಿಂದ ಮೇಲೆ ಕ್ಲೀನಿಂಗ್ ಒತ್ತುತ್ತಾ ಕೂರಬೇಡಿ, ಅಷ್ಟೂ ಇಂಕ್ ಪ್ರಿಂಟರಿನೊಳಗಿನ ಹೀರುಬಟ್ಟೆಗೆ ಹೋಗುತ್ತದೆ. ಇಂಕ್ ಮುಗಿದಿದೆ ಅನ್ನುವ ಎಚ್ಚರಿಕೆ ಬರುತ್ತಲೇ ಇರುತ್ತದೆ, ಓಕೆ ಒತ್ತಿ ಮುಂದೆ ಹೋಗಿ. ಟ್ಯಾಂಕು ಇರುವುದು ಅದಕ್ಕೇನು ಗೊತ್ತು?

ಛಾಪಿಸುವಾಗ ನಡುವೆ ಕರೆಂಟ್ ಹೋದರೆ ಹೆಡ್ ತನ್ನ ಮುಚ್ಚಳಕ್ಕೆ ವಾಪಸ್ ಹೋಗದೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ನಮ್ಮೂರಿನ ಮಾರ್ಚ್ ಏಪ್ರಿಲ್‌ನ ಒಣ ಹವೆಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿದರೆ ಬಟ್ಟೆ ಒದ್ದೆ ಮಾಡಿ ತಳ ಒತ್ತಿಡಿ, ಆದರೆ ಬೋರ್‌ವೆಲ್ ನೀರು ಬೇಡ, ಅದರ ಸುಣ್ಣವೇ ಹೊಸ ಕಾಟ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದೇ ಕಾರಣಕ್ಕೆ ಪ್ರತಿ ಸೋಮವಾರ, ರಜೆ ಇದ್ದರೂ, ನಾಲ್ಕು ಬಣ್ಣದ ಪಟ್ಟೆ ಇರುವ ಒಂದು ಹಾಳೆ ತೆಗೆಯುತ್ತೇನೆ. ಹಿಂಬದಿಯಲ್ಲಿ ಮಕ್ಕಳು ಲೆಕ್ಕ ಮಾಡುತ್ತಾರೆ.

ಇಷ್ಟಾದರೂ ಕಾರ್ಟ್ರಿಜ್‌ಗೆ ಆಯಸ್ಸು ಅಂತ ಒಂದಿದೆ. ಏನು ಮಾಡಿದರೂ ಗೆರೆ ಹೋಗದ ದಿನ ಹೊಸದು ತಂದು, ಮತ್ತೆ ತೂತು ಹಾಕಿ, ಅದೇ ಪೈಪು ಸಿಕ್ಕಿಸುವುದು. ಕಪ್ಪಿನಲ್ಲಿ ನಾನೀಗ ಮೂರನೆಯದಕ್ಕೆ ಬಂದಿದ್ದೇನೆ, ಬಣ್ಣದ್ದು ಇನ್ನೂ ಮೊದಲನೆಯದೇ.