ಬಡ ದೇಶದ ವಿದ್ವಾಂಸರನ್ನು ನಮ್ಮೂರ ಸೆಮಿನಾರಿಗೆ ಕರೆಯುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಯಾವುದೇ ಅಂತಾರಾಷ್ಟ್ರೀಯ ಸೆಮಿನಾರಿನ ಬ್ರೋಷರ್ ಕೈಗೆ ಬಂದರೂ ನಾನು ಮೊದಲು ನೋಡುವುದು ಶುಲ್ಕದ ಪಟ್ಟಿ. ಎಷ್ಟೋ ಸಲ ನಮ್ಮವರಿಗೆ ರೂಪಾಯಿ, ‘ಫಾರಿನ್ ಡೆಲಿಗೇಟ್ಸ್’ಗೆ ಡಾಲರ್. ಜರ್ಮನಿಯವರಿಗೂ ಆಫ್ರಿಕದ ಬಡ ದೇಶ ಮಲಾವಿಯವರಿಗೂ ಒಂದೇ ದರ! ಇದನ್ನು ಮೊದಲು ಬದಲಾಯಿಸಿ. ವಿಶ್ವಬ್ಯಾಂಕ್ ದೇಶಗಳನ್ನು ಆದಾಯದ ಪ್ರಕಾರ ನಾಲ್ಕು ಗುಂಪು ಮಾಡುತ್ತದೆ. ಅದರಲ್ಲಿ ಕಡಿಮೆ ಆದಾಯದ ದೇಶದವರಿಗೆ ಶುಲ್ಕವೇ ಬೇಡ, ನಮ್ಮಂಥ ಕೆಳಮಧ್ಯಮ ಆದಾಯದವರಿಗೆ ನಮ್ಮದೇ ರೂಪಾಯಿ ದರ ಇರಲಿ. ಅದನ್ನು ಬ್ರೋಷರಿನಲ್ಲೇ ಅಚ್ಚು ಹಾಕಿಸಿ. ‘ವಿನಾಯಿತಿ ಬೇಕಾದವರು ಕಾರಣ ಸಹಿತ ಅರ್ಜಿ ಹಾಕಿ’ ಅಂದರೆ, ಕೈಚಾಚಲು ಸಂಕೋಚಪಡುವ ಒಳ್ಳೆಯ ಸಂಶೋಧಕರು ಸುಮ್ನಾಗಿಬಿಡುತ್ತಾರೆ.

ಯಾಕೆ ಕರೆಯುತ್ತಿದ್ದೇವೆ ಅನ್ನುವುದೂ ನಮಗೆ ಗೊತ್ತಿರಬೇಕು ಅಲ್ವಾ? ಬ್ಯಾನರಿಗೊಂದು ವಿದೇಶಿ ಮುಖ ಬೇಕು ಅಂತಷ್ಟೇ ಆದರೆ ದಯವಿಟ್ಟು ಕರೆಯಬೇಡಿ. ನಮ್ಮ ಮೆಕ್ಕೆಜೋಳವನ್ನೇ ತಗೊಳ್ಳಿ. ನಮ್ಮ ರೈತರು ಲದ್ದಿ ಹುಳು ಅನ್ನುವ ಫಾಲ್ ಸೈನಿಕ ಹುಳು ಕರ್ನಾಟಕದಲ್ಲಿ ಕಾಣಿಸಿಕೊಂಡಿದ್ದು 2018ರಲ್ಲಿ, ಆಫ್ರಿಕದಲ್ಲಿ 2016ರಲ್ಲೇ. ಸುಳಿಯೊಳಗೆ ಕೂತು ತಿನ್ನುವ ಆ ಹುಳುವಿನ ಜೊತೆ ಅಲ್ಲಿನವರು ನಮಗಿಂತ ಎರಡು ವರ್ಷ ಮೊದಲೇ ಗುದ್ದಾಡಿದ್ದಾರೆ. ನಾವು ತಿನ್ನುವ ರಾಗಿಯ ಮೂಲವೂ ಇಥಿಯೋಪಿಯ, ಉಗಾಂಡದ ಕಡೆಯ ಎತ್ತರದ ನೆಲವೇ. ಇಂಥ ಕಡೆಯ ವಿದ್ವಾಂಸರನ್ನು ಅಷ್ಟು ದೂರದಿಂದ ಕರೆಸಿ ‘ನಿಮ್ಮ ದೇಶದ ಬಡತನದ ಬಗ್ಗೆ ಎರಡು ಮಾತು’ ಅಂತ ಕೇಳಿದರೆ ಅವಮಾನ. ಅವರ ಕೆಲಸದ ಬಗ್ಗೆಯೇ ಮಾತಾಡಿಸಿ. ಮುಖ್ಯ ಭಾಷಣ ಕೊಡಿ, ಊಟ ಆದ ಮೇಲಿನ ತೂಕಡಿಕೆ ಹೊತ್ತಿಗೆ ತಳ್ಳಬೇಡಿ.

ಇನ್ನು ದುಡ್ಡು. ‘ಟಿಕೆಟ್ ತಗೊಂಡು ಬನ್ನಿ, ಬಿಲ್ ಕೊಟ್ಟ ಮೇಲೆ ಪಾಸ್ ಮಾಡಿಸ್ತೀವಿ’ ಅನ್ನುವ ಮಾತು ಬೇಡವೇ ಬೇಡ. ಆ ಟಿಕೆಟ್ ಅವರ ಎಷ್ಟೋ ತಿಂಗಳ ಸಂಬಳ ಆಗಿರಬಹುದು, ಡಾಲರ್ ಸಿಗುವುದೇ ಕಷ್ಟವಾದ ದೇಶಗಳಿವೆ, ಅವರ ಕಾರ್ಡ್ ಇಲ್ಲಿ ನಡೆಯದೆಯೂ ಇರಬಹುದು. ಟಿಕೆಟ್ ನೀವೇ ಬುಕ್ ಮಾಡಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೂ ದಾವಣಗೆರೆಗೆ 250 ಕಿ.ಮೀ. ಮೇಲಿದೆ, ಆದ್ದರಿಂದ ಕರೆತರಲು ಯಾರನ್ನಾದರೂ ಕಳಿಸಿ. ಕೈಖರ್ಚಿನ ರೂಪಾಯಿಯನ್ನು ಬಂದ ದಿನವೇ ಕವರಿನಲ್ಲಿ ಹಾಕಿ ರೂಮಿನಲ್ಲಿ ಕೊಡಿ, ವೇದಿಕೆ ಮೇಲೆ ಫೋಟೋ ತೆಗೆಸಿಕೊಂಡು ಅಲ್ಲ.

ಆಹ್ವಾನ ಪತ್ರ ಮೂರು ತಿಂಗಳಾದರೂ ಮೊದಲೇ ಹೋಗಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಖರ್ಚು ಯಾರದು ಅಂತ ಸ್ಪಷ್ಟ ಬರೆಯಿರಿ. ಕಾನ್ಫರೆನ್ಸ್ ವೀಸಾಕ್ಕೆ ದಿಲ್ಲಿಯಿಂದ ಬೇಕಾಗುವ ಅನುಮತಿಗಳಿಗೆ ಓಡಾಡಬೇಕಾದವರು ನಾವು, ಅವರಲ್ಲ. ನೇಪಾಳ, ಭೂತಾನದವರಿಗೆ ವೀಸಾ ಬೇಡ. ಕೀನ್ಯಾ, ಉಗಾಂಡ, ನೈಜೀರಿಯದಂಥ ದೇಶದಿಂದ ಬರುವವರಿಗೆ ಹಳದಿ ಜ್ವರದ ಲಸಿಕೆ ಕಾರ್ಡ್ ಬೇಕೇ ಬೇಕು, ಹಾಕಿಸಿ 10 ದಿನ ಆಗಿರಬೇಕು. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನಿನಲ್ಲಿ ಇಡುತ್ತಾರೆ. ಪತ್ರದಲ್ಲೇ ಇದನ್ನು ಹೇಳಿಬಿಡಿ. ವಿದೇಶಿಯರು ಉಳಿದರೆ ಲಾಡ್ಜಿನವರು 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಅದು ಗೊತ್ತಿರುವ ಲಾಡ್ಜನ್ನೇ ಹಿಡಿಯಿರಿ, ಪ್ರಯಾಣದಿಂದ ದಣಿದು ಬಂದವರನ್ನು ರಾತ್ರಿ ಹತ್ತಕ್ಕೆ ಕೌಂಟರಿನಲ್ಲಿ ನಿಲ್ಲಿಸಬೇಡಿ.

ಊಟದ ಬಗ್ಗೆ ಮೊದಲೇ ಕೇಳಿ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಬುಧವಾರ, ಶುಕ್ರವಾರ ಉಪವಾಸ ಮಾಡುವವರು ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ನಾವು ಪ್ರೀತಿಯಿಂದ ಬೆಣ್ಣೆ ದೋಸೆ ತಂದಿಟ್ಟು ‘ತಿನ್ನಿ ಸಾರ್, ದಾವಣಗೆರೆ ಸ್ಪೆಷಲ್ಲು’ ಅಂತ ಒತ್ತಾಯ ಮಾಡಿದರೆ ಪಾಪ ಏನು ಮಾಡಬೇಕು? ಅವತ್ತು ಮಂಡಕ್ಕಿ, ಮೆಣಸಿನಕಾಯಿ ಕೊಡಿ. ಇಥಿಯೋಪಿಯದವರ ಹೆಸರಿನ ಎರಡನೇ ಭಾಗ ಸಾಮಾನ್ಯವಾಗಿ ತಂದೆಯ ಹೆಸರು, ಹಾಗಾಗಿ ವೇದಿಕೆಯಲ್ಲಿ ಮೊದಲ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಕರೆಯಿರಿ.

ಬರಲು ಆಗದವರನ್ನು ಆನ್‌ಲೈನಿನಲ್ಲಿ ಸೇರಿಸಿಕೊಳ್ಳುವುದಾದರೆ ಗಡಿಯಾರ ನೋಡಿ. ಇಲ್ಲಿ ಬೆಳಗ್ಗೆ 10 ಅಂದರೆ ನೈಜೀರಿಯದ ಲಾಗೋಸಿನಲ್ಲಿ ಬೆಳಗಿನ ಜಾವ 5.30. ಮಧ್ಯಾಹ್ನ ಇಟ್ಟುಕೊಳ್ಳಿ. ಕರೆಂಟು, ನೆಟ್ಟು ಕೈಕೊಟ್ಟರೆ ಇರಲಿ ಅಂತ ಭಾಷಣದ ರೆಕಾರ್ಡಿಂಗ್ ಮೊದಲೇ ತರಿಸಿ, ಪ್ರಶ್ನೋತ್ತರ ಮಾತ್ರ ನೇರ ಮಾಡಿ. ಪ್ರಬಂಧ ಅಚ್ಚು ಹಾಕಲು ದುಡ್ಡು ಕೇಳಬೇಡಿ. ಮುಂದಿನ ಸೆಮಿನಾರಿನ ವಿಷಯ ಆರಿಸುವ ಸಮಿತಿ ಕೂರುವಾಗ ಅವರಲ್ಲೊಬ್ಬರನ್ನು ಸದಸ್ಯರಾಗಿ ಸೇರಿಸಿ, ಪಟ್ಟಿ ಫೈನಲ್ ಆಗುವ ಮೊದಲೇ ಕಳಿಸಿ ಅವರ ಅಭಿಪ್ರಾಯ ಕೇಳಿ.